ಆರೋಗ್ಯ ಸಚಿವರಿಗೆ ಬಹಿರಂಗ ಪತ್ರ: ನಡಿಗೆಯ ರೋಬೋ ಬರಲಿ, ಮೊದಲ ಮೂರು ತಿಂಗಳಲ್ಲೇ ಸಿಗಲಿ

ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರಿಗೆ,
ಕರ್ನಾಟಕ ಸರ್ಕಾರ, ವಿಧಾನಸೌಧ, ಬೆಂಗಳೂರು

ಮಾನ್ಯರೇ, ನಮಸ್ಕಾರ.

ನಾನು ಉತ್ತರ ಕರ್ನಾಟಕದ ಒಬ್ಬ ಫಿಸಿಯೋಥೆರಪಿಸ್ಟ್. ಲಕ್ವಾ ಹೊಡೆದವರು, ಬೈಕಿನಿಂದ ಬಿದ್ದು ತಲೆಗೆ ಪೆಟ್ಟಾದವರು, ಕಟ್ಟಡದ ಸಾರವೆಯಿಂದ ಬಿದ್ದು ಬೆನ್ನುಹುರಿಗೆ ಏಟಾದವರು ನನ್ನ ಹತ್ತಿರ ಬರುತ್ತಾರೆ. ಈಚೆಗೆ ಅವರ ಮನೆಯವರು ಫೋನಿನಲ್ಲಿ ಒಂದು ವಿಡಿಯೋ ಇಟ್ಟುಕೊಂಡೇ ಬರುತ್ತಾರೆ. ನಿಲ್ಲಲೂ ಆಗದ ಒಬ್ಬ ಮನುಷ್ಯನಿಗೆ ಬೆಲ್ಟು ಕಟ್ಟಿ ಮೇಲಿನಿಂದ ಎತ್ತಿ ಹಿಡಿದಿದ್ದಾರೆ. ಕಾಲಿಗೆ ಲೋಹದ ಚೌಕಟ್ಟು ಬಿಗಿದಿದ್ದಾರೆ. ಕೆಳಗೆ ಟ್ರೆಡ್‌ಮಿಲ್ ಓಡುತ್ತಿದೆ, ಆತ ನಡೆಯುತ್ತಿದ್ದಾನೆ. "ಇದು ಎಲ್ಲಿ ಐತ್ರಿ ಸರ?" ಅನ್ನುವುದು ಮೊದಲ ಪ್ರಶ್ನೆ. "ಇದಕ್ಕ ಕಾರ್ಡ್ ನಡೀತೈತೇನ್ರಿ?" ಅನ್ನುವುದು ಎರಡನೆಯದು, ಅಂದರೆ ಸರ್ಕಾರದ ಆಯುಷ್ಮಾನ್ ಕಾರ್ಡ್.

ಮೊದಲನೆಯದಕ್ಕೆ ಉತ್ತರ ಸುಲಭ. ಬೆಂಗಳೂರಿನ ದೊಡ್ಡ ಖಾಸಗಿ ಆಸ್ಪತ್ರೆಗಳಲ್ಲಿ, ಪುನರ್ವಸತಿ ಕೇಂದ್ರಗಳಲ್ಲಿ ಇದೆ. ಎರಡನೆಯದಕ್ಕೆ ಉತ್ತರ ನಿಮ್ಮ ಕೈಯಲ್ಲಿದೆ. ಅದಕ್ಕೇ ಈ ಪತ್ರ.

ಇಲಾಖೆಯವರು ಬಜೆಟ್‌ಗೆಂದು ಯಂತ್ರಗಳ ಪಟ್ಟಿ ಮಾಡುವಾಗ ಈ ರೋಬೋ ಹೆಸರು ಇವತ್ತಲ್ಲ ನಾಳೆ ಬಂದೇ ಬರುತ್ತದೆ. ಬರಲಿ, ನನ್ನ ತಕರಾರಿಲ್ಲ. ನನ್ನ ಕೋರಿಕೆ ಇಷ್ಟೇ: ರೋಗಿ ಆಸ್ಪತ್ರೆಯಿಂದ ಡಿಸ್ಚಾರ್ಜ್ ಆದ ಮೇಲಿನ ಮೂರು ತಿಂಗಳಿಗೆ ಮೊದಲು ದುಡ್ಡು ಇಡಿ, ಆಮೇಲೆ ಯಂತ್ರ ಕೊಳ್ಳಿ. ಆ ಮೂರು ತಿಂಗಳು ರೋಗಿ ಮನೆಯ ಮಂಚದ ಮೇಲೆ ಕಳೆದರೆ, ಎಷ್ಟು ಕೋಟಿಯ ರೋಬೋ ತಂದರೂ ಅದು ಹೆಚ್ಚಿನದೇನೂ ಮಾಡಲಾರದು.

ಈ ಯಂತ್ರ ಯಾಕೆ ಹುಟ್ಟಿತು ಅನ್ನುವುದನ್ನು ಮೊದಲು ಹೇಳುತ್ತೇನೆ. ಟೆಂಡರ್ ಕರೆಯುವವರಿಗೆ ಇದು ಗೊತ್ತಿದ್ದರೆ ಒಳ್ಳೆಯದು.

ಬೆನ್ನುಹುರಿಗೆ ಪೆಟ್ಟಾದವರನ್ನು ಬೆಲ್ಟಿನಲ್ಲಿ ತೂಗುಹಾಕಿ ಟ್ರೆಡ್‌ಮಿಲ್ ಮೇಲೆ ನಡೆಸಿದರೆ ನರಗಳು ಹೆಜ್ಜೆಯ ಲಯವನ್ನು ಮತ್ತೆ ಕಲಿಯುತ್ತವೆ ಅನ್ನುವುದು ಮೊದಲೇ ಗೊತ್ತಿತ್ತು. ಕಷ್ಟ ಇದ್ದದ್ದು ಅದನ್ನು ಮಾಡಿಸುವುದರಲ್ಲಿ. ಎಡಗಾಲು ಎತ್ತಿಡಲು ಒಬ್ಬರು, ಬಲಗಾಲಿಗೆ ಇನ್ನೊಬ್ಬರು, ಸೊಂಟ ಹಿಡಿಯಲು ಮತ್ತೊಬ್ಬರು ಬೇಕು. ಟ್ರೆಡ್‌ಮಿಲ್ ಪಕ್ಕ ಕುಕ್ಕರಗಾಲಲ್ಲಿ ಕೂತು ಬೇರೆಯವರ ಕಾಲನ್ನು ನೂರಾರು ಸಲ ಎತ್ತಿ ಇಟ್ಟವರಿಗೆ ಗೊತ್ತು, ರೋಗಿಗಿಂತ ಮೊದಲು ನಮ್ಮ ಸೊಂಟ ಬೀಳುತ್ತದೆ. ಜ್ಯೂರಿಕ್‌ನ ಬಾಲ್‌ಗ್ರಿಸ್ಟ್ ಆಸ್ಪತ್ರೆಯಲ್ಲಿ ಗೆರಿ ಕೊಲಂಬೊ ಮತ್ತು ಅವರ ಜೊತೆಯವರು ಈ ಕೆಲಸವನ್ನು ಮೋಟಾರಿಗೆ ಒಪ್ಪಿಸಿದರು. ಅವರು ಕಟ್ಟಿದ ಹೊಕೋಮಾ ಕಂಪನಿಯ ಲೋಕೊಮ್ಯಾಟ್ ಈ ಜಾತಿಯ ಯಂತ್ರಗಳಲ್ಲಿ ಅತಿ ಹೆಸರಾದದ್ದು. ಸೊಂಟಕ್ಕೆ, ಮಂಡಿಗೆ ಮೋಟಾರು. ದೇಹದ ತೂಕದಲ್ಲಿ ಎಷ್ಟು ಪಾಲನ್ನು ಬೆಲ್ಟು ಹೊರಬೇಕು, ವೇಗ ಎಷ್ಟಿರಬೇಕು, ಕಾಲನ್ನು ಯಂತ್ರ ಎಷ್ಟು ಬಲದಿಂದ ನಡೆಸಬೇಕು, ಎಲ್ಲವನ್ನೂ ಪರದೆಯ ಮೇಲೆ ಹೊಂದಿಸಬಹುದು.

ಇದರ ಗುಟ್ಟು ಲೆಕ್ಕದಲ್ಲಿದೆ. ಅಮೆರಿಕದ ಸಂಶೋಧಕರು ಲಕ್ವಾ ರೋಗಿಗಳ ಫಿಸಿಯೋಥೆರಪಿಯನ್ನು ಪಕ್ಕದಲ್ಲೇ ನಿಂತು ನೋಡಿ ಎಣಿಸಿದರು. 2009ರಲ್ಲಿ ಬಂದ ಅವರ ವರದಿ ಪ್ರಕಾರ ನಡಿಗೆ ಅಭ್ಯಾಸ ಇದ್ದ ಒಂದು ಸರದಿಯಲ್ಲಿ ರೋಗಿ ಇಡುವುದು ಸರಾಸರಿ 357 ಹೆಜ್ಜೆ. ಅದೇ ಯಂತ್ರದಲ್ಲಿ ಗಂಟೆಗೆ ಒಂದೂವರೆ ಕಿಲೋಮೀಟರ್ ವೇಗದಲ್ಲಿ ಅರ್ಧ ಗಂಟೆ ನಡೆಸಿದರೆ 750 ಮೀಟರ್ ಆಯಿತು. ಅರ್ಧ ಮೀಟರಿಗೊಂದು ಹೆಜ್ಜೆ ಅಂದುಕೊಂಡರೂ 1500. ನಡಿಗೆ ಕಲಿಯುವುದು ನಡೆದೇ ಅಲ್ವಾ? ಹಾಗಾಗಿ ಹೆಜ್ಜೆ ಜಾಸ್ತಿ ಸಿಕ್ಕಷ್ಟೂ ಒಳ್ಳೆಯದು ಅನ್ನುವುದು ಈ ಯಂತ್ರಗಳ ಹಿಂದಿನ ಯೋಚನೆ.

ಆದರೆ ಇಲ್ಲೊಂದು ಸೂಕ್ಷ್ಮ ಇದೆ. ಸೈಕಲ್ ಕಲಿಸುವವರು ಸೀಟು ಹಿಡಿದುಕೊಂಡು ಹಿಂದೆ ಓಡುತ್ತಾರಲ್ಲ, ಕೈ ಬಿಡುವ ಹೊತ್ತು ಅವರಿಗೆ ಗೊತ್ತಿರಬೇಕು. ಬಿಡದೇ ಹೋದರೆ ಹುಡುಗ ಊರೆಲ್ಲ ಸುತ್ತುತ್ತಾನೆ, ಸೈಕಲ್ ಮಾತ್ರ ಕಲಿಯುವುದಿಲ್ಲ. ರೋಬೋ ಕೂಡ ಹಾಗೇ. ಪೂರ್ತಿ ಬಲ ಕೊಟ್ಟು ಬಿಟ್ಟರೆ ಕಾಲನ್ನು ಅದೇ ಎತ್ತಿ ಇಡುತ್ತದೆ, ರೋಗಿಯ ಸ್ನಾಯು ಸುಮ್ನೆ ಜೋತು ಬೀಳುತ್ತದೆ. ವಿಡಿಯೋದಲ್ಲಿ ನೋಡಲು ಚಂದ, ಮಿದುಳಿಗೆ ಪಾಠ ಕಡಿಮೆ. ಪ್ರತಿ ವಾರ ಬೆಲ್ಟಿನ ಆಸರೆ ಇಳಿಸಬೇಕು, ಮೋಟಾರಿನ ಬಲ ಇಳಿಸಬೇಕು, ರೋಗಿ ಬೆವರುವಂತೆ ಮಾಡಬೇಕು. ಅದನ್ನು ಮಾಡುವುದು ಪಕ್ಕದಲ್ಲಿ ನಿಂತ ಫಿಸಿಯೋ. ಯಂತ್ರ ಬಂದರೆ ಫಿಸಿಯೋ ಹುದ್ದೆ ಕಡಿಮೆ ಮಾಡಬಹುದು ಎಂದು ನಿಮಗೆ ಯಾರಾದರೂ ಹೇಳಿದ್ದರೆ ದಯವಿಟ್ಟು ನಂಬಬೇಡಿ. ಒಬ್ಬ ರೋಗಿಗೆ ಮೂರು ಜನ ಬೇಕಿದ್ದ ಕಡೆ ಒಬ್ಬರು ಸಾಕಾಗುತ್ತಾರೆ, ನಿಜ. ಆ ಒಬ್ಬರು ಇರಲೇಬೇಕು.

ಇನ್ನು ಇದರಿಂದ ಉಪಯೋಗ ಎಷ್ಟು? ವೈದ್ಯಕೀಯ ಅಧ್ಯಯನಗಳನ್ನು ಒಟ್ಟುಗೂಡಿಸಿ ತೂಗಿ ನೋಡುವ ಕೊಕ್ರೇನ್ ಸಂಸ್ಥೆಯ 2020ರ ವಿಮರ್ಶೆ 62 ಅಧ್ಯಯನಗಳನ್ನು, ಒಟ್ಟು 2440 ಲಕ್ವಾ ರೋಗಿಗಳನ್ನು ನೋಡಿ ಹೇಳಿದ ಮಾತು ಹೀಗಿದೆ: ಫಿಸಿಯೋಥೆರಪಿ ಜೊತೆ ಈ ಯಂತ್ರವನ್ನೂ ಬಳಸಿದರೆ ಯಾರ ಆಸರೆಯೂ ಇಲ್ಲದೆ ನಡೆಯುವ ಸಾಧ್ಯತೆ ಹೆಚ್ಚುತ್ತದೆ. ಹೆಚ್ಚು ಲಾಭ ಕಂಡವರು ಎರಡು ಗುಂಪಿನವರು. ಲಕ್ವಾ ಆಗಿ ಮೂರು ತಿಂಗಳ ಒಳಗಿದ್ದವರು, ಮತ್ತು ಆ ಹೊತ್ತಿಗೆ ನಡೆಯಲು ಬರದೇ ಇದ್ದವರು. ಫಿಸಿಯೋಥೆರಪಿ "ಜೊತೆ" ಅನ್ನುವುದನ್ನು ಗಮನಿಸಿ, ಬದಲಿಗೆ ಅಲ್ಲ.

ಇದರ ಇನ್ನೊಂದು ಮಗ್ಗುಲನ್ನು ಮಾರಾಟಗಾರರು ಹೇಳುವುದಿಲ್ಲ, ನಾನು ಹೇಳಬೇಕು. ಅಮೆರಿಕದಲ್ಲಿ 2008 ಮತ್ತು 2009ರಲ್ಲಿ ಬಂದ ಎರಡು ಅಧ್ಯಯನಗಳಲ್ಲಿ, ಅಷ್ಟಿಷ್ಟು ನಡೆಯಬಲ್ಲವರನ್ನು ರೋಬೋದಲ್ಲಿ ನಡೆಸಿದ್ದಕ್ಕಿಂತ ಫಿಸಿಯೋಗಳು ಕೈಯಿಂದ ನಡೆಸಿದಾಗಲೇ ನಡಿಗೆಯ ವೇಗ ಹೆಚ್ಚು ಸುಧಾರಿಸಿತು. 2011ರಲ್ಲಿ ಅಲ್ಲೇ ಬಂದ ಲೀಪ್ಸ್ ಅನ್ನುವ ದೊಡ್ಡ ಅಧ್ಯಯನದಲ್ಲಿ 408 ರೋಗಿಗಳಿದ್ದರು. ಕೆಲವರಿಗೆ ಬೆಲ್ಟು ಕಟ್ಟಿ ಟ್ರೆಡ್‌ಮಿಲ್ ಮೇಲೆ ತರಬೇತಿ. ಇನ್ನು ಕೆಲವರ ಮನೆಗೆ ಫಿಸಿಯೋ ಹೋಗಿ ಬಲಕ್ಕೂ ಸಮತೋಲಕ್ಕೂ ವ್ಯಾಯಾಮ ಮಾಡಿಸುತ್ತಿದ್ದರು. ವರ್ಷದ ಕೊನೆಗೆ ನೋಡಿದರೆ ಎರಡೂ ಗುಂಪು ಸರಿಸಮ. ಅಂದರೆ ಕೋಲು ಹಿಡಿದು ನಡೆಯಲು ಶುರು ಮಾಡಿದವರಿಗೆ ರೋಬೋ ಬೇಕಿಲ್ಲ. ಮನೆ ಬಾಗಿಲಿಗೆ ಒಬ್ಬ ಒಳ್ಳೆಯ ಫಿಸಿಯೋ ಬಂದರೆ ಸಾಕು.

ಹಾಗಾದರೆ ಮನೆಯವರಿಗೇ ಕಲಿಸಿಬಿಟ್ಟರೆ? ಖರ್ಚೇ ಇಲ್ಲ. ಈ ಯೋಚನೆ ನಮ್ಮ ದೇಶದಲ್ಲೇ ಪರೀಕ್ಷೆ ಆಗಿದೆ. ಅಟೆಂಡ್ ಅನ್ನುವ ಅಧ್ಯಯನ 14 ಆಸ್ಪತ್ರೆಗಳಲ್ಲಿ, 1250 ರೋಗಿಗಳ ಮೇಲೆ ನಡೆದು 2017ರಲ್ಲಿ ಫಲಿತಾಂಶ ಬಂತು. ಮನೆಯವರಿಗೆ ತರಬೇತಿ ಕೊಟ್ಟು ಅವರಿಂದಲೇ ವ್ಯಾಯಾಮ ಮಾಡಿಸಿದ್ದರಿಂದ, ಆರು ತಿಂಗಳ ನಂತರ ಸಾವಿನಲ್ಲಾಗಲಿ ಪರಾವಲಂಬನೆಯಲ್ಲಾಗಲಿ ವ್ಯತ್ಯಾಸ ಕಾಣಲಿಲ್ಲ. ಸೊಸೆಯಂದಿರ, ಹೆಂಡತಿಯರ ಶ್ರಮಕ್ಕೆ ಬೆಲೆ ಇಲ್ಲ ಅಂತ ನಾನು ಹೇಳುತ್ತಿಲ್ಲ. ಮನೆಯ ಕೆಲಸ, ಹೊಲದ ಕೂಲಿ ಎರಡನ್ನೂ ಮಾಡುವವಳ ಹೆಗಲಿಗೆ ಇದನ್ನೂ ಹಾಕಿ ಸರ್ಕಾರ ಕೈ ತೊಳೆದುಕೊಳ್ಳುವ ಹಾಗಿಲ್ಲ. ಲೀಪ್ಸ್, ಅಟೆಂಡ್ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ನನಗೆ ಕಾಣುವುದು ಒಂದೇ. ಯಂತ್ರ ಇರಲಿ, ಮನೆಯೇ ಇರಲಿ, ಕೆಲಸ ಗೊತ್ತಿರುವ ಒಬ್ಬರು ರೋಗಿಯ ಜೊತೆ ಇರಬೇಕು.

ಈಗ ಸಮಯದ ಮಾತಿಗೆ ಬರುತ್ತೇನೆ. ಇಡೀ ಪತ್ರದಲ್ಲಿ ನಿಮ್ಮ ಗಮನ ನನಗೆ ಹೆಚ್ಚು ಬೇಕಿರುವುದು ಇಲ್ಲಿ.

ಡೆನ್ಮಾರ್ಕಿನ ಕೋಪನ್‌ಹೇಗನ್‌ನಲ್ಲಿ 800ಕ್ಕೂ ಹೆಚ್ಚು ಲಕ್ವಾ ರೋಗಿಗಳ ನಡಿಗೆಯನ್ನು ವಾರ ವಾರ ನೋಡಿ 1995ರಲ್ಲಿ ವರದಿ ಪ್ರಕಟಿಸಿದರು. ನೂರಕ್ಕೆ 95 ಜನ ತಮ್ಮಿಂದ ಸಾಧ್ಯವಾದ ಅತ್ಯುತ್ತಮ ನಡಿಗೆಯನ್ನು ಮುಟ್ಟಿದ್ದು 11 ವಾರಗಳ ಒಳಗೆ. ಆಮೇಲೂ ಸುಧಾರಣೆ ಆಗುತ್ತದೆ, ನಾನೇ ನೋಡಿದ್ದೇನೆ. ಆದರೆ ನಿಧಾನ, ಕಡಿಮೆ, ದುಬಾರಿ. ಹಾಗಂತ ಲಕ್ವಾ ಹೊಡೆದ ಮಾರನೇ ದಿನವೇ ಎಬ್ಬಿಸಿ ನಡೆಸಿ ಅಂತಲೂ ಅಲ್ಲ. ಅವರ್ಟ್ ಅನ್ನುವ 2015ರ ಅಧ್ಯಯನ 2104 ರೋಗಿಗಳಲ್ಲಿ ತೋರಿಸಿದಂತೆ, ಮೊದಲ 24 ಗಂಟೆಯಲ್ಲೇ ಜೋರಾಗಿ ಎಬ್ಬಿಸಿ ಓಡಾಡಿಸಿದವರ ಸ್ಥಿತಿ ಉಳಿದವರಿಗಿಂತ ಹಿಂದೆ ಬಿತ್ತು. ಕೆಲವು ದಿನ ಸುಧಾರಿಸಿಕೊಳ್ಳಲು ಬಿಟ್ಟು, ಆಮೇಲಿನ ಹತ್ತು ಹನ್ನೆರಡು ವಾರ ದಿನಾ ಪಟ್ಟಾಗಿ ಕೆಲಸ ಮಾಡಬೇಕು.

ಆ ಹತ್ತು ಹನ್ನೆರಡು ವಾರ ನಮ್ಮಲ್ಲಿ ಹೇಗೆ ಕಳೆಯುತ್ತದೆ ಗೊತ್ತಾ?

ಆಸ್ಪತ್ರೆಯಲ್ಲಿ ಬಿಪಿ ಹತೋಟಿಗೆ ಬಂತು, ಸ್ಕ್ಯಾನ್ ಆಯಿತು, "ಮನೆಗೆ ಹೋಗಿ, ಫಿಸಿಯೋಥೆರಪಿ ಮಾಡಿಸಿ" ಎಂದು ಡಿಸ್ಚಾರ್ಜ್ ಚೀಟಿಯಲ್ಲಿ ಒಂದು ಸಾಲು ಬರೆದು ಕಳಿಸುತ್ತಾರೆ. ಎಲ್ಲಿ, ಯಾರ ಹತ್ತಿರ, ಎಷ್ಟು ದಿನ ಅನ್ನುವುದು ಅದರಲ್ಲಿ ಇರುವುದಿಲ್ಲ. ಆಯುಷ್ಮಾನ್ ಯೋಜನೆ ಆಸ್ಪತ್ರೆಗೆ ದಾಖಲಾದವರ ಯೋಜನೆ. ಬಿಡುಗಡೆಯ ನಂತರದ 15 ದಿನಗಳ ಖರ್ಚಿನವರೆಗೆ ಅದರ ನಿಯಮ ಹೋಗುತ್ತದೆ, ಅಲ್ಲಿಗೆ ಮುಗಿಯಿತು. ಮನೆಯಿಂದ ದಿನಾ ಬಂದು ಮಾಡಿಸಿಕೊಳ್ಳುವ ನಡಿಗೆ ತರಬೇತಿಗೆ ಕಾರ್ಡ್ ನಡೆಯುವುದಿಲ್ಲ. ವರ್ಷಕ್ಕೆ 5 ಲಕ್ಷದ ಕಾರ್ಡ್ ಜೇಬಿನಲ್ಲೇ ಇರುತ್ತದೆ, ಫಿಸಿಯೋಗೆ ಕೊಡಲು ದುಡ್ಡಿಲ್ಲದೆ ಮನುಷ್ಯ ಮನೆಯಲ್ಲಿರುತ್ತಾನೆ.

ಮನೆಯಲ್ಲಿದ್ದಾಗ ಊರವರು ಸುಮ್ಮನಿರುತ್ತಾರೆಯೇ? ಎಣ್ಣೆ ತಿಕ್ಕಿಸಿ, ಇಂಥ ಊರಲ್ಲಿ ನಾಟಿ ಔಷಧಿ ಕೊಡುತ್ತಾರೆ, ಅಮಾವಾಸ್ಯೆಗೆ ಹೋಗಿ. ಪಾರಿವಾಳದ ರಕ್ತ ಹಚ್ಚಿಸಿಕೊಂಡು ಬಂದವರನ್ನೂ ಕಂಡಿದ್ದೇನೆ. ನಾನು ಅವರನ್ನು ಬೈಯುವುದಿಲ್ಲ. ಸರ್ಕಾರದ ಕಡೆಯಿಂದ ಏನೂ ಇಲ್ಲದ ಹೊತ್ತಿನಲ್ಲಿ ಏನನ್ನಾದರೂ ಕೊಡುವವರ ಹತ್ತಿರ ಜನ ಹೋಗುತ್ತಾರೆ. ನನ್ನ ಹತ್ತಿರ ಬರುವ ಹೊತ್ತಿಗೆ ನಾಲ್ಕೈದು ತಿಂಗಳು ಆಗಿರುತ್ತದೆ. ಮಂಡಿ ಮಡಚಿಕೊಂಡು ಗಟ್ಟಿಯಾಗಿದೆ, ಪಾದ ಕೆಳಗೆ ಬಾಗಿ ಸೆಟೆದಿದೆ, ಸೊಂಟದ ಹಿಂದೆ ಹಾಸಿಗೆ ಹುಣ್ಣು. ಇಂಥವರನ್ನು ರೋಬೋ ಒಳಗೆ ಕಟ್ಟಲಿಕ್ಕೇ ಆಗುವುದಿಲ್ಲ ಸ್ವಾಮಿ. ಬೆಲ್ಟು ಕೂರುವ ಜಾಗದಲ್ಲಿ ಹುಣ್ಣಿದ್ದರೆ, ಕೀಲು ಬಿಗಿದಿದ್ದರೆ, ಮೂಳೆ ಟೊಳ್ಳಾಗಿದ್ದರೆ ಯಂತ್ರಕ್ಕೆ ಹತ್ತಿಸಬಾರದು ಎಂದು ಅದರ ಕೈಪಿಡಿಯೇ ಹೇಳುತ್ತದೆ. ಎಲ್ಲ ದೇಹಗಳಿಗೂ ಅದು ಹೊಂದುವುದಿಲ್ಲ. ದೊಡ್ಡವರ ಲೋಕೊಮ್ಯಾಟ್‌ಗೆ ತೊಡೆಯ ಉದ್ದ 35ರಿಂದ 47 ಸೆಂಟಿಮೀಟರ್ ಒಳಗೆ ಇರಬೇಕು, ಮಕ್ಕಳಿಗೆ ಬೇರೆ ಕಾಲುಗಳನ್ನೇ ಜೋಡಿಸಬೇಕು.

ಬಸ್ಸಿನ ಕಥೆ ಇನ್ನೂ ಸ್ವಾರಸ್ಯ. ಶಕ್ತಿ ಯೋಜನೆಯಲ್ಲಿ ಹೆಂಡತಿಗೆ ಟಿಕೆಟ್ ಇಲ್ಲ, ಲಕ್ವಾ ಆದ ಗಂಡನಿಗೆ ಇದೆ. ಅಂಗವಿಕಲರಿಗೆ 100 ಕಿಲೋಮೀಟರ್ ಒಳಗೆ ರಿಯಾಯಿತಿ ಪಾಸ್ ಇದೆ, ಒಳ್ಳೆಯ ಸೌಲಭ್ಯ. ಅದಕ್ಕೆ ಅಂಗವೈಕಲ್ಯದ ಪ್ರಮಾಣಪತ್ರ ಬೇಕು. ನರದ ಕಾಯಿಲೆಯಿಂದ ಬಂದ ಅಂಗವೈಕಲ್ಯಕ್ಕೆ ಸಾಮಾನ್ಯವಾಗಿ ಆರು ತಿಂಗಳು ಕಳೆದ ಮೇಲೆಯೇ ಪ್ರಮಾಣಪತ್ರ. ಆಸ್ಪತ್ರೆಗೆ ದಿನಾ ಹೋಗಿಬರಬೇಕಾದ ಮೂರು ತಿಂಗಳಲ್ಲಿ ಪಾಸ್ ಇಲ್ಲ, ಆ ಕಾಲ ಮುಗಿದ ಮೇಲೆ ಪಾಸ್ ಕೈಗೆ ಬರುತ್ತದೆ. ಇದನ್ನು ಯಾರೂ ಬೇಕಂತ ಮಾಡಿದ್ದಲ್ಲ. ಮೂರು ಇಲಾಖೆಗಳ ಮೂರು ನಿಯಮಗಳು ಕೂಡಿಕೊಂಡಾಗ ಹೀಗಾಗಿದೆ. ಡಿಸ್ಚಾರ್ಜ್ ಚೀಟಿ ತೋರಿಸಿದರೆ ಆರು ತಿಂಗಳ ತಾತ್ಕಾಲಿಕ ಪಾಸ್ ಕೊಡುವಂತೆ ಸಾರಿಗೆ ಸಚಿವರ ಜೊತೆ ಮಾತಾಡಿದರೆ ಮುಗಿಯುವ ಕೆಲಸ ಇದು.

ಸಮಯದ ಬೆಲೆ ನಿಮ್ಮ ಇಲಾಖೆಗೆ ಗೊತ್ತಿಲ್ಲದ್ದೇನಲ್ಲ. ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ನೀವು ಮಾಡಿದ್ದು ಅದನ್ನೇ. ಎದೆನೋವು ಬಂದವರಿಗೆ ತಾಲ್ಲೂಕು ಆಸ್ಪತ್ರೆಯಲ್ಲೇ ಇಸಿಜಿ, ದೂರದ ಜಯದೇವ ಹೃದ್ರೋಗ ಆಸ್ಪತ್ರೆಯ ತಜ್ಞರ ಸಲಹೆ, ರಕ್ತದ ಹೆಪ್ಪು ಕರಗಿಸುವ ದುಬಾರಿ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಉಚಿತ. ಮೊದಲ ಗಂಟೆ ಕಳೆದುಹೋದರೆ ಹೃದಯದ ಸ್ನಾಯು ಹೋಯಿತು ಅನ್ನುವುದನ್ನು ಒಪ್ಪಿಕೊಂಡು ಕಟ್ಟಿದ ಯೋಜನೆ ಅದು. ನಡಿಗೆಗೂ ಅಂಥದ್ದೇ ಒಂದು ಗಡಿ ಇದೆ, ಗಂಟೆಯ ಬದಲು ವಾರಗಳಲ್ಲಿ. 2022ರಲ್ಲಿ ನಿಮ್ಹಾನ್ಸ್ ಜೊತೆ ಸೇರಿ ಶುರು ಮಾಡಿದ ಕರ್ನಾಟಕ ಬ್ರೈನ್ ಹೆಲ್ತ್ ಇನಿಶಿಯೇಟಿವ್ ನಿಮ್ಮ ಕೈಯಲ್ಲಿದೆ. ಲಕ್ವಾ ಅದರ ಪಟ್ಟಿಯಲ್ಲಿದೆ. ನಡೆಸುವ ಕೆಲಸವನ್ನೂ ಅದಕ್ಕೇ ಸೇರಿಸಿ, ಹೊಸ ಹೆಸರಿನ ಹೊಸ ಯೋಜನೆ ಬೇಡ.

ಯಂತ್ರ ಕೊಳ್ಳುವ ವಿಚಾರಕ್ಕೆ ಬಂದರೆ, 31 ಜಿಲ್ಲೆಗೂ ಒಂದೊಂದು ಅನ್ನುವ ಘೋಷಣೆ ದಯವಿಟ್ಟು ಬೇಡ. ಕೇಳಲು ಇಂಪು, ಆದರೆ ಉದ್ಘಾಟನೆಯ ಫೋಟೋ ಆದ ಮೇಲೆ ಪ್ಲಾಸ್ಟಿಕ್ ಹೊದಿಕೆ ಹೊದ್ದು ಕೂತ ಯಂತ್ರಗಳನ್ನು ನಾವೆಲ್ಲ ನೋಡಿದ್ದೇವೆ. ಆಮದು ಮಾಡಿದ ದೊಡ್ಡ ಯಂತ್ರಗಳ ಬೆಲೆ ಕೋಟಿಗಳಲ್ಲಿ ಇರುತ್ತದೆ. ರಾಜ್ಯದ ನಾಲ್ಕು ಕಂದಾಯ ವಿಭಾಗಗಳಿಗೆ ಒಂದೊಂದು ಸಾಕು. ಹುಬ್ಬಳ್ಳಿಯ ಕಿಮ್ಸ್ (ಈಗಿನ ಕೆಎಂಸಿಆರ್‌ಐ), ಕಲಬುರಗಿಯ ಜಿಮ್ಸ್, ಮೈಸೂರಿನ ಕೆ.ಆರ್. ಆಸ್ಪತ್ರೆ, ಬೆಂಗಳೂರಿನಲ್ಲಿ ಒಂದು ಸರ್ಕಾರಿ ಆಸ್ಪತ್ರೆ. ನಡೆಯಲಾಗದ ರೋಗಿಗಳನ್ನು ಅಲ್ಲಿ ಆರು ವಾರ ಒಳರೋಗಿಯಾಗಿಯೇ ಇಟ್ಟುಕೊಳ್ಳಿ. ಯಾದಗಿರಿಯಿಂದ ಕಲಬುರಗಿಗೆ ದಿನಾ ಲಕ್ವಾ ರೋಗಿಯನ್ನು ಹೊತ್ತು ತರುವುದು ಆಗದ ಮಾತು. ಜೊತೆಗೆ ಬಂದವರಿಗೆ ಮಲಗಲು ಜಾಗ, ಒಂದು ಅಡುಗೆ ಮನೆ ಇದ್ದರೆ ಅರ್ಧ ಜನ ನಡುವೆ ಬಿಟ್ಟು ಹೋಗುವುದು ತಪ್ಪುತ್ತದೆ. ಒಳರೋಗಿಯಾಗಿ ಇಟ್ಟುಕೊಂಡರೆ ಕಾರ್ಡಿನಡಿ ನಿಗದಿತ ದರದ ಪ್ಯಾಕೇಜ್ ಕೊಡುವುದೂ ಸುಲಭ.

ತಾಲ್ಲೂಕುಗಳಿಗೆ ಬೇಕಾದದ್ದು ಬೇರೆ. ಎರಡು ಕಂಬಿಗಳ ನಡುವೆ ನಡೆಯುವ ಪ್ಯಾರಲಲ್ ಬಾರ್, ಮೇಲೆ ಕೊಕ್ಕೆ ಹಾಕಿ ತೂಕ ಹೊರುವ ಒಂದು ಸಾದಾ ಬೆಲ್ಟು, ಪಾದ ಜೋಲದಂತೆ ಹಿಡಿಯುವ ಸ್ಪ್ಲಿಂಟ್, ವಾಕರ್. ಮುಖ್ಯವಾಗಿ ಖಾಯಂ ಹುದ್ದೆಯ ಫಿಸಿಯೋಗಳು. ನಾನು ನೋಡಿದ ತಾಲ್ಲೂಕು ಆಸ್ಪತ್ರೆಗಳಲ್ಲಿ ಒಬ್ಬರು ಇದ್ದರೆ ಪುಣ್ಯ, ಅವರೂ ಗುತ್ತಿಗೆಯಲ್ಲಿ. ರಾಜೀವ್ ಗಾಂಧಿ ಆರೋಗ್ಯ ವಿಶ್ವವಿದ್ಯಾಲಯದ ಕಾಲೇಜುಗಳಿಂದ ಪ್ರತಿ ವರ್ಷ ಫಿಸಿಯೋಥೆರಪಿ ಪದವೀಧರರು ಹೊರಬರುತ್ತಾರೆ. ಅವರಲ್ಲಿ ಎಷ್ಟೋ ಮಕ್ಕಳು ಹೊರದೇಶದ ಪರೀಕ್ಷೆಗೆ ಓದುತ್ತಾ ಜಿಮ್‌ನಲ್ಲಿ ಕೆಲಸ ಮಾಡುತ್ತಿದ್ದಾರೆ.

ಕೊಳ್ಳುವುದಾದರೆ ಹತ್ತಿರದ್ದನ್ನೂ ನೋಡಿ. ತಿರುವನಂತಪುರದ ಜೆನ್‌ರೋಬೋಟಿಕ್ಸ್ ಕಂಪನಿ ಮೊದಲು ಹೆಸರಾದದ್ದು ಮ್ಯಾನ್‌ಹೋಲ್ ಶುಚಿ ಮಾಡುವ ಬ್ಯಾಂಡಿಕೂಟ್ ರೋಬೋದಿಂದ. ಅವರೇ ಆಮೇಲೆ ಜಿ-ಗೈಟರ್ ಅನ್ನುವ ನಡಿಗೆ ಯಂತ್ರ ಮಾಡಿದರು. ಕೇರಳ ಸರ್ಕಾರ ಅದನ್ನು ತಿರುವನಂತಪುರದ ಜನರಲ್ ಆಸ್ಪತ್ರೆಯಲ್ಲಿ ಇಟ್ಟಿದೆ. ಸರ್ಕಾರಿ ಆಸ್ಪತ್ರೆಯಲ್ಲಿ ಇಂಥದ್ದು ನಡೆಯುತ್ತದೆಯೋ ಇಲ್ಲವೋ ಅನ್ನುವ ಅನುಮಾನ ಇದ್ದರೆ ಅಲ್ಲಿಗೆ ಒಂದು ತಂಡ ಕಳಿಸಿ. ಫಿಸಿಯೋಗಳನ್ನೂ ಕಳಿಸಿ, ಬರೀ ಅಧಿಕಾರಿಗಳನ್ನಲ್ಲ. ದಿನಕ್ಕೆ ಎಷ್ಟು ರೋಗಿಗಳು ಹತ್ತುತ್ತಾರೆ, ಕೆಟ್ಟಾಗ ಯಾರು ಬರುತ್ತಾರೆ, ಎಷ್ಟು ದಿನಕ್ಕೆ ಬರುತ್ತಾರೆ ಎಂದು ಅಲ್ಲಿನ ಸಿಬ್ಬಂದಿಯನ್ನೇ ಕೇಳಲಿ. ಬೆಂಗಳೂರಿನಲ್ಲೇ ಬಯೋನಿಕ್ ಯಂತ್ರ, ಜೆನ್‌ಎಲೆಕ್ ಅಂಥ ಕಂಪನಿಗಳು ಮೈಮೇಲೆ ಧರಿಸಿ ನಡೆಯುವ ಎಕ್ಸೋಸ್ಕೆಲಿಟನ್ ಮಾಡುವ ಕೆಲಸದಲ್ಲಿವೆ. ನಮ್ಮವರದ್ದು ಅನ್ನುವ ಒಂದೇ ಕಾರಣಕ್ಕೆ ಕೊಳ್ಳಿ ಎಂದು ನಾನು ಹೇಳುವುದಿಲ್ಲ. ನಮ್ಮ ಆಸ್ಪತ್ರೆಗಳಲ್ಲಿ, ನಮ್ಮ ರೋಗಿಗಳ ಮೇಲೆ, ನಿಮ್ಹಾನ್ಸ್‌ನ ನರ ಪುನರ್ವಸತಿ ವಿಭಾಗದ ಕಣ್ಣಮುಂದೆ ಪರೀಕ್ಷೆ ಆಗಲಿ, ಗೆದ್ದದ್ದನ್ನು ಕೊಳ್ಳೋಣ.

ರಿಪೇರಿಯ ಮಾತು ಟೆಂಡರಿನಲ್ಲಿ ಮೊದಲ ಪುಟದಲ್ಲೇ ಇರಲಿ. ಅಮೆರಿಕದಲ್ಲಿ 2024ರಲ್ಲಿ ಒಂದು ಘಟನೆ ಸುದ್ದಿಯಾಯಿತು. ಬೆನ್ನುಹುರಿಗೆ ಪೆಟ್ಟಾದ ಒಬ್ಬ ಮಾಜಿ ಕುದುರೆ ಸವಾರ ವರ್ಷಗಟ್ಟಲೆ ಎಕ್ಸೋಸ್ಕೆಲಿಟನ್ ಹಾಕಿಕೊಂಡು ನಡೆಯುತ್ತಿದ್ದರು. ಒಂದು ಲಕ್ಷ ಡಾಲರ್ ಬೆಲೆಯ ಯಂತ್ರ. ಅದನ್ನು ನಡೆಸುವ ಕೈಗಡಿಯಾರದಲ್ಲಿ ಬ್ಯಾಟರಿಯ ಸಣ್ಣ ವೈರು ಬಿಟ್ಟುಹೋಯಿತು. ಐದು ವರ್ಷ ದಾಟಿದ ಯಂತ್ರವನ್ನು ರಿಪೇರಿ ಮಾಡುವುದಿಲ್ಲ ಎಂದು ಕಂಪನಿ ಹೇಳಿತು. ಪತ್ರಿಕೆಗಳಲ್ಲಿ ಗಲಾಟೆ ಆದ ಮೇಲೆ ರಿಪೇರಿ ಆಯಿತು. ನಮ್ಮ ಜಿಲ್ಲೆಯಲ್ಲಿ ವೈರು ಬಿಟ್ಟುಹೋದರೆ ಯಾವ ಪತ್ರಿಕೆಯಲ್ಲಿ ಗಲಾಟೆ ಆಗುತ್ತದೆ, ಹೇಳಿ? ವೈದ್ಯಕೀಯ ಸರಬರಾಜು ನಿಗಮದವರು ಹತ್ತು ವರ್ಷದ ಬಿಡಿಭಾಗ, ಹತ್ತು ವರ್ಷದ ನಿರ್ವಹಣೆ, ರಾಜ್ಯದಲ್ಲೇ ಇರುವ ತಂತ್ರಜ್ಞ, ಕೆಟ್ಟು ನಿಂತ ದಿನಗಳಿಗೆ ದಂಡ, ಇಷ್ಟನ್ನು ಬರೆದುಕೊಡದ ಕಂಪನಿಯ ಲಕೋಟೆಯನ್ನು ತೆರೆಯಲೇಬಾರದು. ಯುಪಿಎಸ್ ಮರೆಯಬೇಡಿ. ರೋಗಿ ಬೆಲ್ಟಿನಲ್ಲಿ ನೇತಾಡುತ್ತಿರುವಾಗ ಕರೆಂಟು ಹೋದರೆ ಕೆಳಗಿಳಿಸುವುದು ತಮಾಷೆಯ ಕೆಲಸವಲ್ಲ.

ಯಾರಿಗೆ ಕೊಡಬೇಕು ಅನ್ನುವುದೂ ಕಾಗದದ ಮೇಲೆ ಬರಬೇಕು. ಜಪಾನಿನಲ್ಲಿ ಸೈಬರ್‌ಡೈನ್ ಕಂಪನಿಯ ಹಾಲ್ ಅನ್ನುವ ಯಂತ್ರಕ್ಕೆ 2016ರಲ್ಲಿ ಸರ್ಕಾರಿ ವಿಮೆ ಸಿಕ್ಕಿತು. ನಿಧಾನವಾಗಿ ಹೆಚ್ಚುವ ಎಂಟು ನರಸ್ನಾಯು ಕಾಯಿಲೆಗಳನ್ನು ಹೆಸರಿಸಿ, ಅವಕ್ಕೆ ಮಾತ್ರ. ಹೆಚ್ಚು ದುಡ್ಡಿರುವ ದೇಶವೇ ಇಷ್ಟು ಲೆಕ್ಕ ಹಾಕಿ ಶುರು ಮಾಡಿದೆ. ನಮ್ಮಲ್ಲಿ ಮೊದಲ ಸಾಲು ಲಕ್ವಾ ಆಗಿ ಮೂರು ತಿಂಗಳಾಗದ, ತಾನೇ ನಡೆಯಲಾಗದ ರೋಗಿಗಳದ್ದಾಗಲಿ. ನಂತರ ಬೆನ್ನುಹುರಿ ಪೂರ್ತಿ ಕಡಿಯದೆ ಅಷ್ಟಿಷ್ಟು ಶಕ್ತಿ ಉಳಿದವರದ್ದು. ಶಿಫಾರಸು ಪತ್ರ ಹಿಡಿದು ಬರುವ, ಈಗಾಗಲೇ ಪಾರ್ಕಿನಲ್ಲಿ ವಾಕಿಂಗ್ ಮಾಡುವ ಗಣ್ಯರದ್ದು ಕೊನೆಗೆ.

ಬೆನ್ನುಹುರಿ ಪೂರ್ತಿ ಹೋದವರ ವಿಷಯದಲ್ಲಿ ಇನ್ನೊಂದು ಕೆಲಸ ನಿಮ್ಮಿಂದ ಆಗಬೇಕು. ಧರಿಸಿ ನಡೆಯುವ ಎಕ್ಸೋಸ್ಕೆಲಿಟನ್ ಬೇರೆ, ತರಬೇತಿಯ ಯಂತ್ರ ಬೇರೆ. ಮೊದಲನೆಯದನ್ನು ಹಾಕಿಕೊಂಡಾಗ ನಡೆಯಬಹುದು, ಬಿಚ್ಚಿದರೆ ಮತ್ತೆ ಗಾಲಿಕುರ್ಚಿ. ಅಮೆರಿಕದ ಸರ್ಕಾರಿ ಆರೋಗ್ಯ ವಿಮೆ ಮೆಡಿಕೇರ್ 2024ರಲ್ಲಿ ಅಂಥ ಒಂದಕ್ಕೆ ನಿಗದಿ ಮಾಡಿದ ದರ ಸುಮಾರು 91,000 ಡಾಲರ್, ಅಂದರೆ ಆಗಿನ ಲೆಕ್ಕದಲ್ಲಿ 75 ಲಕ್ಷ ರೂಪಾಯಿ. ಈ ಎರಡನ್ನೂ ಕಲಸಿ "ರೋಬೋ ಚಿಕಿತ್ಸೆ, ಮತ್ತೆ ನಡೆಯಿರಿ" ಎಂದು ಜಾಹೀರಾತು ಹಾಕುವವರಿದ್ದಾರೆ. ಅದನ್ನು ನಂಬಿ ಎರಡೆಕರೆ ಮಾರಿ ಬೆಂಗಳೂರಿಗೆ ಹೋದ ಕುಟುಂಬ ನನಗೆ ಗೊತ್ತು. ಮಗ ನಡೆಯಲಿಲ್ಲ. ಆ ಹುಡುಗನ ಗಾಯ ಎಂಥದ್ದು, ಯಂತ್ರದಿಂದ ಏನು ಸಾಧ್ಯ ಎಂದು ಮೊದಲ ದಿನವೇ ಕನ್ನಡದಲ್ಲಿ ಕೂರಿಸಿ ಹೇಳಿದ್ದರೆ, ಆ ಹಣದಲ್ಲಿ ಒಂದು ಒಳ್ಳೆಯ ಗಾಲಿಕುರ್ಚಿ ತಂದು, ಮನೆಯ ಮೆಟ್ಟಿಲು ತೆಗೆಸಿ, ಒಂದು ಅಂಗಡಿ ಹಾಕಿಕೊಡಬಹುದಿತ್ತು. ಇಂಥ ಜಾಹೀರಾತುಗಳನ್ನು ನಿಯಂತ್ರಿಸಲು ನಿಮ್ಮ ಇಲಾಖೆ ಒಂದು ಸುತ್ತೋಲೆ ಹೊರಡಿಸಬೇಕು. ಚಿಕಿತ್ಸೆ ಶುರು ಮಾಡುವ ಮೊದಲು ಗುರಿ ಏನು, ಎಷ್ಟು ವಾರ, ಯಾವಾಗ ನಿಲ್ಲಿಸುತ್ತೇವೆ ಎಂದು ಬರೆದುಕೊಡುವುದು ಕಡ್ಡಾಯವಾಗಲಿ.

ಕಡೆಯದಾಗಿ ಹಣದ ಮಾತು. ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದ ಪ್ಯಾಕೇಜ್ ಪಟ್ಟಿಯಲ್ಲಿ ಲಕ್ವಾ ನಂತರದ ಪುನರ್ವಸತಿಗೆ ಹನ್ನೆರಡು ವಾರಗಳ ಒಂದು ಪ್ಯಾಕೇಜ್ ಬರಬೇಕು. ಒಳರೋಗಿ, ಹೊರರೋಗಿ, ಮನೆಗೆ ಬರುವ ಫಿಸಿಯೋ, ಮೂರಕ್ಕೂ ಅದು ಅನ್ವಯಿಸಬೇಕು. ರೋಬೋ ಬಳಸಿದರೆ ಇಷ್ಟು, ಬಳಸದಿದ್ದರೆ ಇಷ್ಟು ಎಂದು ದರದಲ್ಲಿ ಭಾರಿ ಅಂತರ ಇಡಬೇಡಿ. ಇಟ್ಟರೆ ಬೇಕಾದವರಿಗೂ ಬೇಡದವರಿಗೂ ರೋಬೋ ಬಿಲ್ಲೇ ಬರುತ್ತದೆ. ಬಿಲ್ಲಿನ ಜೊತೆ ಎರಡು ಸಂಖ್ಯೆ ಕೇಳಿ: ಬಂದ ದಿನ ರೋಗಿ ಯಾರ ಆಸರೆಯಿಂದ ಎಷ್ಟು ಮೀಟರ್ ನಡೆದರು, ಹನ್ನೆರಡನೆಯ ವಾರ ಎಷ್ಟು ನಡೆದರು. ಪ್ರತಿ ಆಸ್ಪತ್ರೆಯ ಈ ಲೆಕ್ಕವನ್ನು ಇಲಾಖೆಯ ವೆಬ್‌ಸೈಟಿನಲ್ಲಿ ಹಾಕಿ.

ಈ ದರ ನಿಗದಿ ಮಾಡುವ ಸಮಿತಿಯಲ್ಲಿ ವೈದ್ಯರು, ಲೆಕ್ಕಾಧಿಕಾರಿಗಳು ಹೇಗೂ ಇರುತ್ತಾರೆ. ತಾಲ್ಲೂಕಿನಲ್ಲಿ ಕೆಲಸ ಮಾಡುವ ಒಬ್ಬ ಫಿಸಿಯೋ, ಲಕ್ವಾ ಆಗಿ ಚೇತರಿಸಿಕೊಂಡ ಒಬ್ಬರು, ರೋಗಿಯನ್ನು ಮನೆಯಲ್ಲಿ ನೋಡಿಕೊಂಡ ಒಬ್ಬ ಹೆಣ್ಣುಮಗಳು, ಈ ಮೂವರನ್ನೂ ಕೂರಿಸಿಕೊಳ್ಳಿ. ಕರೆದರೆ ಬರಲು ನಾನೂ ಸಿದ್ಧ, ಬಸ್ ಚಾರ್ಜ್ ನನ್ನದೇ.

ಇಂತಿ ತಮ್ಮ ವಿಶ್ವಾಸಿ,
ಉತ್ತರ ಕರ್ನಾಟಕದ ಒಬ್ಬ ಫಿಸಿಯೋಥೆರಪಿಸ್ಟ್